ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನಿಂದ ನಿಜವಾಗಿ ಲಾಭ ಇದೆಯಾ?

ಸಿ ಭಾಷೆಯಲ್ಲಿ ಫಂಕ್ಷನ್‌ಗಳನ್ನು ಅಚ್ಚುಕಟ್ಟಾಗಿ ಬರೆದರೆ ಸಾಲದಾ, ಈ ಕ್ಲಾಸು (ಮಾಹಿತಿ ಮತ್ತು ಅದರ ಫಂಕ್ಷನ್‌ಗಳನ್ನು ಒಟ್ಟಿಗೆ ಇಡುವ ಅಚ್ಚು), ಆಬ್ಜೆಕ್ಟುಗಳಿಂದ (ಆ ಅಚ್ಚಿನಿಂದ ಮಾಡಿದವು) ಹೆಚ್ಚಿಗೆ ಏನು ಸಿಗುತ್ತದೆ ಎಂದು ಕೇಳಿದ್ದೀರಿ. ಸಿಗುತ್ತದೆ, ಆದರೆ ಎಲ್ಲ ಕಡೆಯೂ ಅಲ್ಲ.

ನನ್ನ ಮೊದಲ ಕೆಲಸದಲ್ಲಿ ಸಿ ಯಲ್ಲಿ ಬರೆದ ಬಿಲ್ಲಿಂಗ್ ಪ್ರೋಗ್ರಾಂ ಇತ್ತು. ಮೂರು ಬಗೆಯ ಗ್ರಾಹಕರು. ದರ, ರಿಯಾಯಿತಿ, ಪ್ರಿಂಟ್, ಎಲ್ಲೆಲ್ಲೂ ಗ್ರಾಹಕರ ಬಗೆ ನೋಡುವ ಒಂದೊಂದು ಸ್ವಿಚ್, ಅಂದರೆ ಬಗೆಗೆ ತಕ್ಕಂತೆ ಬೇರೆ ಬೇರೆ ಕೋಡ್ ಆರಿಸುವ ತುಣುಕು. ನಾಲ್ಕನೇ ಬಗೆ ಸೇರಿಸುವಾಗ ರಿಯಾಯಿತಿಯ ಸ್ವಿಚ್ ಕಣ್ತಪ್ಪಿತು. ಕೋಡನ್ನು ಯಂತ್ರಭಾಷೆಗೆ ಬದಲಿಸುವ ಕಂಪೈಲರ್ ಚಕಾರ ಎತ್ತಲಿಲ್ಲ. ರಿಯಾಯಿತಿ ಇಲ್ಲದ ಬಿಲ್‌ಗಳು ಜನರ ಕೈ ಸೇರಿದವು.

ಅದನ್ನೇ ಜಾವಾದಲ್ಲಿ ಬರೆದಿದ್ದರೆ ಪ್ರತಿ ಬಗೆಗೂ ಒಂದು ಕ್ಲಾಸ್ ಇರುತ್ತಿತ್ತು. ರಿಯಾಯಿತಿಯ ಮೆಥಡ್ (ಕ್ಲಾಸ್‌ನೊಳಗಿನ ಫಂಕ್ಷನ್) ಅನ್ನು ಇಂಟರ್‌ಫೇಸ್‌ನಲ್ಲಿ, ಅಂದರೆ ಕ್ಲಾಸ್‌ಗಳು ಬರೆಯಲೇಬೇಕಾದ ಮೆಥಡ್‌ಗಳ ಪಟ್ಟಿಯಲ್ಲಿ ಹೇಳಿದ್ದರೆ, ಅದನ್ನು ಬರೆಯದೆ ಬಿಟ್ಟ ಕ್ಲಾಸ್ ಕಂಪೈಲೇ ಆಗುತ್ತಿರಲಿಲ್ಲ. ಬಿಲ್ ಮಾಡುವ ಕೋಡನ್ನು ಮುಟ್ಟುವ ಅಗತ್ಯವೂ ಬರುತ್ತಿರಲಿಲ್ಲ. ನನ್ನ ಪ್ರಕಾರ ಲಾಭ ಅಂದರೆ ಇದೇ.

ಹಾಗಂತ ಇದಕ್ಕೆ ಹೊಸ ಭಾಷೆಯೇ ಬೇಕು ಅಂತಲ್ಲ. ಲಿನಕ್ಸ್ ಕರ್ನಲ್‌ನ (ಆ ಆಪರೇಟಿಂಗ್ ಸಿಸ್ಟಂನ ತಿರುಳು) ಬಹುಪಾಲು ಸಿ ಯಲ್ಲೇ ಇದೆ, ಅಲ್ವಾ? ಅಲ್ಲಿ ಫೈಲ್_ಆಪರೇಷನ್ಸ್ ಎಂಬ ಸ್ಟ್ರಕ್ಟ್ (ಹಲವು ಮೌಲ್ಯಗಳನ್ನು ಒಟ್ಟಿಗೆ ಇಡುವ ಸಿ ರಚನೆ) ಇದೆ. ಅದರ ತುಂಬ ರೀಡ್, ರೈಟ್, ಓಪನ್ ಇತ್ಯಾದಿಗಳ ಫಂಕ್ಷನ್ ಪಾಯಿಂಟರ್‌ಗಳು, ಅಂದರೆ ಯಾವ ಫಂಕ್ಷನ್ ಕರೆಯಬೇಕು ಎಂಬ ವಿಳಾಸಗಳು. ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಂ ತನ್ನದನ್ನು ತುಂಬಿಕೊಡುತ್ತದೆ, ಸಾಧನಗಳನ್ನು ನಡೆಸುವ ಡ್ರೈವರ್‌ಗಳು ತಮ್ಮದನ್ನು. ಕರೆಯುವವರಿಗೆ ಹಿಂದೆ ಯಾರಿದ್ದಾರೆ ಎಂಬುದು ಬೇಕಿಲ್ಲ. ಇದು ಆಬ್ಜೆಕ್ಟ್ ವಿಚಾರವೇ. ಒಂದೇ ತೊಂದರೆ, ಯಾವುದನ್ನಾದರೂ ತುಂಬದೆ ಬಿಟ್ಟರೆ ಅಲ್ಲಿ ಸುಮ್ನೆ ನಲ್, ಅಂದರೆ ಖಾಲಿ ವಿಳಾಸ, ಕೂರುತ್ತದೆ. ಅದನ್ನು ನೋಡಿಕೊಳ್ಳುವ ಹೊಣೆ ನಮ್ಮದು.

ಇನ್‌ಹೆರಿಟೆನ್ಸ್ (ಒಂದು ಕ್ಲಾಸ್ ಇನ್ನೊಂದರ ಗುಣಗಳನ್ನು ಪಡೆಯುವುದು) ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 2009ರಲ್ಲಿ ಹೊರಬಂದ ಗೋ ಭಾಷೆ ಅದನ್ನು ಬಿಟ್ಟೇಬಿಟ್ಟಿತು, ಇಂಟರ್‌ಫೇಸ್ ಉಳಿಸಿಕೊಂಡಿತು.

ಇನ್ನು ಕ್ಲಾಸ್ ಸೋಲುವ ಜಾಗವೂ ಇದೆ. ಬಗೆಗಳು ಬದಲಾಗುವುದಿಲ್ಲ, ಅವುಗಳ ಮೇಲೆ ಮಾಡುವ ಕೆಲಸಗಳು ಮಾತ್ರ ಬೆಳೆಯುತ್ತಾ ಹೋಗುತ್ತವೆ ಅಂದುಕೊಳ್ಳಿ. ಆಗ ಒಂದೊಂದು ಹೊಸ ಕೆಲಸಕ್ಕೂ ಎಲ್ಲ ಕ್ಲಾಸ್‌ಗಳನ್ನು ತೆರೆಯಬೇಕು. ನಿಮ್ಮ ಹಳೆಯ ರೀತಿಯಲ್ಲಿ ಒಂದು ಹೊಸ ಫಂಕ್ಷನ್ ಬರೆದರೆ ಮುಗಿಯಿತು.

ಹಾಗಾಗಿ ನಿಮ್ಮ ಕೋಡ್ ತೆರೆದು, ಒಂದೇ ಬಗೆಗಳ ಮೇಲೆ ಎಷ್ಟು ಸ್ವಿಚ್‌ಗಳಿವೆ ಎಂದು ಎಣಿಸಿ ನೋಡಿ. ಕಳೆದ ವರ್ಷ ಹೆಚ್ಚು ಸೇರಿಸಿದ್ದು ಹೊಸ ಬಗೆಗಳನ್ನೋ ಹೊಸ ಕೆಲಸಗಳನ್ನೋ? ಹೊಸ ಬಗೆಗಳಾದರೆ ಮೊದಲು ಆ ಭಾಗವನ್ನಷ್ಟೇ ಕ್ಲಾಸ್‌ಗಳಿಗೆ ಬದಲಿಸಿ. ಉಳಿದದ್ದು ಇದ್ದ ಹಾಗೇ ಇರಲಿ.