ನೋವು ಬರಿಸುವ ಇಂಜೆಕ್ಷನ್ ಏಕೆ ಕೊಡುವುದಿಲ್ಲ?

ಬಂದಿರುವ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿವೆ. ಜಿಲ್ಲಾ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ದುಡಿಯುವ ನನಗೆ ಆ ಪ್ರಶ್ನೆ ಬೇಸರಕ್ಕಿಂತ ಹೆಚ್ಚಾಗಿ ಭಯ ಹುಟ್ಟಿಸುವುದರಿಂದ, ಈ ಸಲದ ಜಾಗವೆಲ್ಲ ಬಹುಪಾಲು ಅದಕ್ಕೇ ಮೀಸಲು.

ಪ್ರಶ್ನೆ: ತಂಗಿಯನ್ನು ಚೊಚ್ಚಲ ಹೆರಿಗೆಗೆ ಜಿಲ್ಲಾ ಆಸ್ಪತ್ರೆಗೆ ಸೇರಿಸಿದ್ದೆವು. ರಾತ್ರಿಯಿಡೀ ನೋವು ತಿಂದರೂ ಸಿಸ್ಟರ್ ‘ಓಡಾಡಿ, ನೀರು ಕುಡಿಯಿರಿ’ ಎಂದರೇ ಹೊರತು ನೋವು ಬರಿಸುವ ಇಂಜೆಕ್ಷನ್ ಕೊಡಲಿಲ್ಲ. ನಮ್ಮ ಊರಿನ ಡಾಕ್ಟರು ಸೂಜಿ ಹಾಕಿದ ಅರ್ಧ ಗಂಟೆಯಲ್ಲೇ ಅತ್ತಿಗೆಗೆ ಮನೆಯಲ್ಲಿ ಹೆರಿಗೆಯಾಗಿತ್ತು. ಇದು ನಿರ್ಲಕ್ಷ್ಯವಲ್ಲವೇ?

ಉತ್ತರ: ಅಲ್ಲ. ನಿಮ್ಮ ತಂಗಿಯನ್ನು ನೋಡಿಕೊಂಡವರು ಸರಿಯಾದದ್ದನ್ನೇ ಮಾಡಿದ್ದಾರೆ. ಅತ್ತಿಗೆ ಮತ್ತು ಮಗು ಉಳಿದದ್ದು ನಿಮ್ಮ ಮನೆಯವರ ಪುಣ್ಯ. ಅತ್ತಿಗೆಗೆ ಅದು ಎಷ್ಟನೆಯ ಹೆರಿಗೆ ಎಂದು ನೀವು ಬರೆದಿಲ್ಲ. ಎರಡನೆಯದೋ ಮೂರನೆಯದೋ ಆಗಿದ್ದರೆ, ಸೂಜಿ ಇಲ್ಲದೆಯೂ ಅಷ್ಟೇ ಬೇಗ ಆಗುತ್ತಿದ್ದಿರಬಹುದು.

ಆ ಸೂಜಿಯಲ್ಲಿರುವುದು ಸಾಮಾನ್ಯವಾಗಿ ಆಕ್ಸಿಟೋಸಿನ್, ಅಂದರೆ ಗರ್ಭಕೋಶವನ್ನು ಬಿಗಿಯಾಗಿ ಕುಗ್ಗಿಸುವ ಔಷಧ. ನಾವೂ ಅದನ್ನು ಬಳಸುತ್ತೇವೆ, ಆದರೆ ಹೆರಿಗೆ ನಿಜವಾಗಿಯೂ ನಿಧಾನವಾಗಿದೆ ಎಂದು ಖಚಿತವಾದ ಮೇಲೆ, ಡ್ರಿಪ್‌ನಲ್ಲಿ ಬೆರೆಸಿ, ಹನಿ ಎಣಿಸಿ, ನೋವು ಹತ್ತು ನಿಮಿಷಕ್ಕೆ ಎಷ್ಟು ಸಲ ಬರುತ್ತದೆ ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡುತ್ತಾ ಕೊಡುತ್ತೇವೆ. ನೋವು ಮಿತಿಮೀರಿದರೆ ಡ್ರಿಪ್ ನಿಲ್ಲಿಸಬಹುದು. ಮಾಂಸಖಂಡಕ್ಕೆ ಒಮ್ಮೆ ಚುಚ್ಚಿದ್ದನ್ನು ಹಿಂದಕ್ಕೆ ಎಳೆದುಕೊಳ್ಳಲು ಯಾರಿಂದಲೂ ಆಗದು. ಎರಡು ನೋವುಗಳ ನಡುವೆ ಗರ್ಭಕೋಶ ಸಡಿಲವಾದಾಗಲೇ ಮಗುವಿಗೆ ರಕ್ತ ಸರಿಯಾಗಿ ಹರಿಯುವುದು. ಆ ಬಿಡುವು ತಪ್ಪಿದರೆ ಮಗುವಿಗೆ ಆಮ್ಲಜನಕ ಸಾಲದು. ಬಾಯಿ ತೆರೆಯದ ಗರ್ಭಕೋಶ ಒತ್ತಡ ತಾಳಲಾರದೆ ಹರಿಯಲೂಬಹುದು. ಹಿಂದೆ ಸಿಜೇರಿಯನ್ ಆದವರಲ್ಲಿ, ಹಲವು ಸಲ ಹೆತ್ತವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಹರಿದಾಗ ನೋವು ಥಟ್ಟನೆ ನಿಂತುಬಿಡುವುದುಂಟು, ಮನೆಯವರು ‘ಸದ್ಯ, ನೋವು ಇಳಿಯಿತು’ ಎಂದುಕೊಳ್ಳುತ್ತಾರೆ, ಒಳಗೆ ರಕ್ತ ಸುರಿಯುತ್ತಿರುತ್ತದೆ. ಅಂಥ ಸ್ಥಿತಿಯಲ್ಲಿ ಬಂದವರನ್ನು ನಾನು ಆಪರೇಷನ್ ಮೇಜಿನ ಮೇಲೆ ಕಂಡಿದ್ದೇನೆ. ಜೊತೆಯಲ್ಲಿ ಬಂದವರು ಸೂಜಿಯ ವಿಷಯವನ್ನು ಬಾಯಿ ಬಿಡುವುದಿಲ್ಲ. ದಯವಿಟ್ಟು ಹೇಳಿ. ಯಾವ ಹೊತ್ತಿಗೆ, ಎಷ್ಟು ಸಲ ಚುಚ್ಚಿದರು ಎಂಬುದು ಗೊತ್ತಾದರೆ ನಮ್ಮ ಕೈಯಲ್ಲಿ ಉಳಿಯುವ ನಿಮಿಷಗಳು ಹೆಚ್ಚುತ್ತವೆ.

ಪದವಿಯಿಲ್ಲದೆ ಊರೂರು ಸುತ್ತಿ ಈ ಸೂಜಿ ಹಾಕುವವರನ್ನು ‘ಡಾಕ್ಟರು’ ಎಂದು ಕರೆಯುವುದನ್ನು ಮೊದಲು ನಿಲ್ಲಿಸಿ. ಹಳೆಯ ಸೂಲಗಿತ್ತಿಯರನ್ನು ನಾನು ಇವರ ಸಾಲಿಗೆ ಸೇರಿಸುವುದಿಲ್ಲ. ಪಾವಗಡದ ಕಡೆಯ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ವಾರ್ಡಿನ ಎಲ್ಲರೂ ಸಂತೋಷಪಟ್ಟಿದ್ದೆವು. ಕಾಯುವುದನ್ನು ಬಲ್ಲವರು ಅವರು.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಗರ್ಭಕೋಶದ ಬಾಯಿ ಸುಮಾರು 5 ಸೆಂಟಿಮೀಟರ್ ತೆರೆಯುವವರೆಗಿನ ನೋವನ್ನು ನಾವು ಆರಂಭದ ಹಂತವೆಂದೇ ಎಣಿಸುತ್ತೇವೆ, ಚೊಚ್ಚಲಿನಲ್ಲಿ ಅದಕ್ಕೇ ಒಂದು ರಾತ್ರಿ ಹಿಡಿದರೂ ಆಶ್ಚರ್ಯವಿಲ್ಲ. ಆಮೇಲೆ ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತ ಕೇಳುವುದು, ತಾಯಿಯ ನಾಡಿ ಮತ್ತು ರಕ್ತದೊತ್ತಡ ನೋಡುವುದು, ನಡೆಸುವುದು, ಮಗ್ಗುಲಾಗಿ ಮಲಗಿಸುವುದು, ಸೊಂಟ ನೀವುವುದು ಇವೆಲ್ಲ ಚಿಕಿತ್ಸೆಯೇ. ಈ ಕೆಲಸಕ್ಕೆಂದೇ ನರ್ಸ್‌ಗಳಿಗೆ 18 ತಿಂಗಳ ಮಿಡ್‌ವೈಫರಿ ತರಬೇತಿ ಕೊಡಲು ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ ಮಾರ್ಗಸೂಚಿ ಹೊರಡಿಸಿತು. ತಂಗಿಯ ಬಳಿ ಗಂಟೆಗಟ್ಟಲೆ ಯಾರೂ ಸುಳಿಯದಿದ್ದರೆ, ಎದೆಬಡಿತ ಕೇಳದಿದ್ದರೆ, ಬೈದಿದ್ದರೆ, ಹೊಟ್ಟೆಯನ್ನು ಮೇಲಿನಿಂದ ಒತ್ತಿದ್ದರೆ ಅದು ನಿರ್ಲಕ್ಷ್ಯ; ಲಿಖಿತ ದೂರು ಕೊಡಿ, ನಾನು ನಿಮ್ಮ ಪರ. ಇಂಜೆಕ್ಷನ್ ಕೊಡದಿದ್ದುದು ದೂರಲ್ಲ.

ಇದೇ ಔಷಧವನ್ನು ಮಗು ಹೊರಬಂದ ಒಂದು ನಿಮಿಷದೊಳಗೆ 10 ಯೂನಿಟ್ ಕೊಡುತ್ತೇವೆ, ಬಾಣಂತಿಯ ರಕ್ತಸ್ರಾವ ತಡೆಯಲು. ಆ ಸೂಜಿಯನ್ನು ಯಾರೂ ಬೇಡವೆನ್ನಬಾರದು.

ಪ್ರಶ್ನೆ: ಹರಳೆಣ್ಣೆ ಕುಡಿಸಿದರೆ ನೋವು ಬೇಗ ಬರುತ್ತದೆಯೇ?

ಉತ್ತರ: ಭೇದಿ ಖಂಡಿತ ಬರುತ್ತದೆ, ತಾಯಿ ಸುಸ್ತಾಗಿ ಲೇಬರ್ ರೂಮಿಗೆ ಬರುತ್ತಾಳೆ, ಕುಡಿಸಬೇಡಿ.

ಪ್ರಶ್ನೆ: ಒಳ್ಳೆಯ ನಕ್ಷತ್ರವಿದೆ, 37ನೇ ವಾರದಲ್ಲಿ ಸಿಜೇರಿಯನ್ ಮಾಡಿಸಬಹುದೇ?

ಉತ್ತರ: ವೈದ್ಯಕೀಯ ಕಾರಣವಿಲ್ಲದೆ 39 ವಾರ ತುಂಬುವ ಮೊದಲು ಮಾಡುವುದಿಲ್ಲ, ಮಗುವಿನ ಉಸಿರಾಟಕ್ಕೆ ಕಷ್ಟವಾದೀತು.

ಪ್ರಶ್ನೆ: ಸ್ಕ್ಯಾನಿಂಗ್‌ನಲ್ಲಿ ಗಂಡೋ ಹೆಣ್ಣೋ ತಿಳಿಯಬಹುದೇ?

ಉತ್ತರ: 1994ರ ಕಾಯ್ದೆಯಂತೆ ಅದು ಅಪರಾಧ. ಈ ಪ್ರಶ್ನೆಯನ್ನು ಮತ್ತೆ ಕಳುಹಿಸಬೇಡಿ.

ಪ್ರಶ್ನೆ: ಮೊದಲನೆಯದು ಸಿಜೇರಿಯನ್. ಈಗ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದವರು ಜಿಲ್ಲಾ ಆಸ್ಪತ್ರೆಗೇ ಹೋಗಿ ಎನ್ನುತ್ತಾರೆ. ಖರ್ಚಿನ ಚಿಂತೆಯಾಗಿದೆ.

ಉತ್ತರ: ಅವರ ಮಾತು ಕೇಳಿ. ಹಳೆಯ ಹೊಲಿಗೆಯಿರುವ ಗರ್ಭಕೋಶಕ್ಕೆ ರಕ್ತ ಮತ್ತು ಆಪರೇಷನ್ ವ್ಯವಸ್ಥೆ ಹತ್ತಿರದಲ್ಲೇ ಇರಬೇಕು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಹೆರಿಗೆ, ಸಿಜೇರಿಯನ್, ಔಷಧ, ರಕ್ತ, ಊಟ ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಬರಲು 108 ಇದೆ, ಮರಳಲು ನಗು-ಮಗು ವಾಹನ ಕೇಳಿ. ತಾಯಿ ಕಾರ್ಡ್ ಜೊತೆಗೆ ಹಳೆಯ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿಯನ್ನೂ ತನ್ನಿ. ದಾರಿಯಲ್ಲಿ ಎಷ್ಟೇ ನೋವಾಗಲಿ, ಯಾರ ಕೈಯಲ್ಲೂ ಸೂಜಿ ಹಾಕಿಸಿಕೊಳ್ಳದೆ ನೇರವಾಗಿ ನಮ್ಮಲ್ಲಿಗೆ ಬನ್ನಿ.