ಗೋಣಿ ತೂಗಿದರೆ ಅಡಿಕೆ ನೋಡಿದ ಹಾಗಾಯ್ತಾ?

ಪ್ರಶ್ನೆ: ನಮ್ಮ ಯಕ್ಷಗಾನ ಸಂಘದ ಹಳೆಯ ಆಟ, ತಾಳಮದ್ದಳೆಗಳ ವಿಡಿಯೊಗಳನ್ನು ಕ್ಲೌಡ್‌ಗೆ ಹಾಕಬೇಕೆಂದಿದ್ದೇವೆ. ಮೊದಲು ಪರೀಕ್ಷೆಗೆ ಅಂತ ವಿಂಡೋಸ್‌ನ ಎಫ್‌ಎಸ್‌ಯುಟಿಲ್ ಕಮಾಂಡ್‌ನಿಂದ 1 ಜಿಬಿ ಫೈಲ್ ಮಾಡಿ ಏರಿಸಿದೆವು. ಬೇಗನೇ ಹೋಯಿತು. ಇಳಿಸಿಕೊಂಡಾಗ ಗಾತ್ರವೂ ಸರಿ ಇತ್ತು. ಇಷ್ಟು ಸಾಕಲ್ವಾ? (ನೀರ್ಚಾಲಿನಿಂದ)

ಸಾಲದು. ಇದೇ ಪ್ರಶ್ನೆ ಬೇರೆ ಬೇರೆ ವೇಷ ಕಟ್ಟಿಕೊಂಡು ಬರುತ್ತಲೇ ಇರುತ್ತದೆ. ಹಾಗಾಗಿ ಈ ಸಲದ ಜಾಗವೆಲ್ಲ ಬಹುತೇಕ ಇದಕ್ಕೇ.

ಗೋಣಿ ತೂಗಿ ನೋಡಿ, ಒಳಗಿರುವುದು ಚಾಲಿಯೋ ಕರಿಗೋಟೋ ಅಂತ ಹೇಳುವ ಅಡಿಕೆ ವ್ಯಾಪಾರಿಯನ್ನು ಬದಿಯಡ್ಕ ಪೇಟೆಯಲ್ಲಿ ನಾನಂತೂ ನೋಡಿಲ್ಲ. ಅವರು ಸುರಿದು ನೋಡುತ್ತಾರೆ. ಫೈಲನ್ನು ಸುರಿದು ನೋಡುವುದು ಅಂದರೆ ಅದರ ಹ್ಯಾಶ್, ಅಂದರೆ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಬರುವ ಬೆರಳಚ್ಚಿನಂಥ ಗುರುತು, ತೆಗೆಯುವುದು. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ತೆಗೆದರೆ 64 ಅಕ್ಷರದ ಸಾಲು ಸಿಗುತ್ತದೆ. ಫೈಲಿನಲ್ಲಿ ಒಂದೇ ಒಂದು ಬಿಟ್ ಆಚೀಚೆ ಆದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಏರಿಸುವ ಮೊದಲಿನ ಸಾಲೂ ಇಳಿಸಿದ ಮೇಲಿನ ಸಾಲೂ ಹೊಂದಿದರೆ ಫೈಲ್ ಸರಿ ಇದೆ ಅಂತ. ವಿಂಡೋಸ್‌ನಲ್ಲೇ ಸರ್ಟ್‌ಯುಟಿಲ್ ಎಂಬ ಹ್ಯಾಶ್ ತೆಗೆಯುವ ಕಮಾಂಡ್ ಇದೆ, ದುಡ್ಡು ಕೊಡಬೇಕಾಗಿಲ್ಲ.

ಆದರೆ ನಿಮ್ಮ ಈ ಫೈಲಿನ ಹ್ಯಾಶ್ ತೆಗೆದರೂ ಹೆಚ್ಚೇನೂ ಗೊತ್ತಾಗುವುದಿಲ್ಲ. ಎಫ್‌ಎಸ್‌ಯುಟಿಲ್ ಮಾಡಿಕೊಡುವುದು ಬರೀ ಸೊನ್ನೆ ತುಂಬಿದ ಫೈಲ್. 200 ಪುಟದ ಖಾಲಿ ನೋಟ್‌ಪುಸ್ತಕ ಇದ್ದ ಹಾಗೆ. 57ನೇ ಹಾಳೆ ಹರಿದು ಬೇರೊಂದು ಖಾಲಿ ಹಾಳೆ ತುರುಕಿದರೆ ಯಾರಿಗೆ ಗೊತ್ತಾಗುತ್ತದೆ? ದೊಡ್ಡ ಫೈಲ್ ಕ್ಲೌಡ್‌ಗೆ ಹೋಗುವುದು ಸಾಮಾನ್ಯವಾಗಿ ತುಂಡು ತುಂಡಾಗಿ. ನಡುವಿನ ತುಂಡೊಂದು ಕಳೆದುಹೋಗಿ ಅಲ್ಲಿ ಸೊನ್ನೆ ತುಂಬಿಕೊಂಡಿತು ಅಂತಿಟ್ಟುಕೊಳ್ಳಿ. ಅಥವಾ ಎರಡು ತುಂಡು ಅದಲು ಬದಲಾಯಿತು ಅನ್ನಿ. ನಿಮ್ಮ ಫೈಲಿನ ಹ್ಯಾಶ್ ಅಲ್ಲಾಡುವುದೇ ಇಲ್ಲ! ಬೇಗ ಹೋಯಿತು ಅಂತ ಖುಷಿಪಟ್ಟಿರಿ, ಅದೂ ಸೊನ್ನೆಯ ಮಹಿಮೆ ಇರಬಹುದು. ಜಿಪ್ ಮಾಡಿದರೆ 1 ಜಿಬಿ ಸೊನ್ನೆ ಸುಮಾರು 1 ಎಂಬಿಗೆ ಇಳಿಯುತ್ತದೆ.

ಅದಕ್ಕೇ ರ‍್ಯಾಂಡಮ್ ಫೈಲ್, ಅಂದರೆ ಅಡ್ಡಾದಿಡ್ಡಿ ಬೈಟ್‌ಗಳಿಂದ ತುಂಬಿದ್ದು, ಬೇಕು ಅನ್ನುವುದು. ಅದರಲ್ಲಿ ಒಂದು ತುಂಡಿನ ಹಾಗೆ ಇನ್ನೊಂದಿಲ್ಲ, ಕುಗ್ಗಿಸಲೂ ಆಗುವುದಿಲ್ಲ. ಲಿನಕ್ಸ್‌ನಲ್ಲಿ ಅಂಥ ಬೈಟ್‌ಗಳನ್ನು ಕೊಡುವ ಯುರ‍್ಯಾಂಡಮ್‌ನಿಂದ ಡಿಡಿ ಕಮಾಂಡ್‌ನಲ್ಲಿ ತೆಗೆಯಿರಿ. ವಿಂಡೋಸ್‌ನವರು ಗಿಟ್ ಎಂಬ ತಂತ್ರಾಂಶ ಹಾಕಿಕೊಂಡರೆ ಅದರ ಜೊತೆ ಓಪನ್‌ಎಸ್‌ಎಸ್‌ಎಲ್ ಬರುತ್ತದೆ, ಅದರ ರ‍್ಯಾಂಡ್ ಕಮಾಂಡ್ ಸಾಕು. ಒಂದೇ ಫೈಲಿಗೆ 50 ಹೆಸರಿಟ್ಟು ಏರಿಸಬೇಡಿ. ಒಂದೇ ತೆರನ ಫೈಲುಗಳನ್ನು ಒಂದೇ ಪ್ರತಿಯಾಗಿ ಇಟ್ಟುಕೊಳ್ಳುವ ವ್ಯವಸ್ಥೆಗಳಿವೆ. ಆಗ 50 ಪರೀಕ್ಷೆ ಮಾಡಿದೆ ಅಂತ ನೀವು ಅಂದುಕೊಳ್ಳುತ್ತೀರಿ, ಆಗಿರುವುದು ಒಂದೇ.

ಗಾತ್ರವೂ ಬೇರೆ ಬೇರೆ ಇರಲಿ. 0 ಬೈಟ್, 1 ಬೈಟ್, ಆಮೇಲೆ ತುಂಡಾಗುವ ಗಡಿಯ ಆಚೀಚೆ. ಅಮೆಜಾನ್‌ನ ಕ್ಲೌಡ್ ಸಂಗ್ರಹ ಸೇವೆ ಎಸ್3ಯಲ್ಲಿ ತುಂಡು ಮಾಡಿ ಕಳಿಸುವಾಗ, ಕೊನೆಯ ತುಂಡು ಬಿಟ್ಟು ಉಳಿದವು ಕನಿಷ್ಠ 5 ಎಂಬಿ ಇರಬೇಕು. ಸರಿಯಾಗಿ ಅಷ್ಟು, ಒಂದು ಬೈಟ್ ಕಡಿಮೆ, ಒಂದು ಬೈಟ್ ಜಾಸ್ತಿ, ಹೀಗೆ ಮೂರು ಮಾಡಿ. ತಪ್ಪುಗಳು ಅವಿತುಕೊಳ್ಳುವುದು ಗಡಿಯಲ್ಲೇ. ಕಾಸರಗೋಡಿನ ಗಡಿನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಕನ್ನಡದ ಹೆಸರಿಟ್ಟೂ ಪರೀಕ್ಷಿಸಿ. ನಿಮ್ಮ ‘ನೀರ್ಚಾಲು’ವನ್ನೇ ತಗೊಳ್ಳಿ. ಅದರ ‘ನೀ’ಯ ದೀರ್ಘವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಗುಡಿಸು ಮತ್ತು ದೀರ್ಘ ಅಂತ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹಳೆಯ ಮ್ಯಾಕ್‌ಗಳ ಫೈಲ್ ವ್ಯವಸ್ಥೆ ಅದನ್ನು ಒಡೆದೇ ಇಡುತ್ತದೆ. ಫೈಲ್ ಕಾಣೆಯಾಯಿತು ಅಂತ ಬೊಬ್ಬೆ ಹಾಕುವವರಲ್ಲಿ ಕೆಲವರ ಕಥೆ ಇಷ್ಟೇ.

ನಾನೇ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಕ್ಲೌಡ್ ಜೊತೆ ತಾನಾಗಿ ಸಿಂಕ್ ಆಗುವ ಫೋಲ್ಡರ್‌ನಲ್ಲೇ ಹ್ಯಾಶ್ ತೆಗೆದೆ, ಎಲ್ಲವೂ ಹೊಂದಿತು. ಮೂರು ದಿನ ಕಳೆದು ನೋಡಿದರೆ ಅಪ್‌ಲೋಡ್ ಅರ್ಧದಲ್ಲೇ ನಿಂತಿತ್ತು. ನಾನು ನೋಡಿದ್ದು ಕ್ಲೌಡ್‌ನ ಪ್ರತಿಯನ್ನಲ್ಲ, ನನ್ನದೇ ಡಿಸ್ಕಿನಲ್ಲಿದ್ದದ್ದನ್ನು. ಈಗ ಬೇರೆ ಕಂಪ್ಯೂಟರಿಗೆ ಇಳಿಸಿಯೇ ನೋಡುತ್ತೇನೆ. ಹ್ಯಾಶ್ ಪಟ್ಟಿಯನ್ನು ಏರಿಸುವ ಮೊದಲೇ ಮಾಡಿ, ಪ್ರಿಂಟ್ ತೆಗೆದು ಕಪಾಟಿನಲ್ಲಿಡುತ್ತೇನೆ. ಪುಕ್ಕಲು ಅನ್ನಿ, ಬೇಜಾರಿಲ್ಲ.

ಇನ್ನೊಂದು. ಪರೀಕ್ಷೆ ಪಾಸಾಯಿತು ಅಂದರೆ ಆ ದಿನ ದಾರಿ ಸರಿ ಇತ್ತು ಅಂತ ಮಾತ್ರ. ನಿಮ್ಮ ವಿಡಿಯೊಗಳಿಗೂ ಒಂದೊಂದಾಗಿ ಹ್ಯಾಶ್ ಬರೆದಿಡಿ. ಮೂಲ ಹಾರ್ಡ್‌ಡಿಸ್ಕನ್ನು ಅಳಿಸುವ ಯೋಚನೆಯೇ ಬೇಡ.

ಪ್ರಶ್ನೆ: ಹ್ಯಾಶ್ ತೆಗೆಯುವ ಹಳೆಯ ವಿಧಾನ ಎಂಡಿ5 ಮುರಿದುಹೋಗಿದೆಯಂತೆ, ಬಳಸಬಹುದಾ? (ಪೆರ್ಲದಿಂದ)

2004ರಲ್ಲಿ ಮುರಿದದ್ದು ಬೇಕೆಂದೇ ಮೋಸ ಮಾಡುವವರ ವಿರುದ್ಧದ ಬಲ. ತಾನಾಗಿ ಕೆಟ್ಟ ಫೈಲನ್ನು ಅದು ಈಗಲೂ ಹಿಡಿಯುತ್ತದೆ. ಎಸ್‌ಎಚ್‌ಎ-256 ಪುಕ್ಕಟೆ ಇರುವಾಗ ಈ ಚರ್ಚೆ ಯಾಕೆ?

ಪ್ರಶ್ನೆ: ಫೋಟೊ ಆ್ಯಪ್‌ನಿಂದ ಇಳಿಸಿದರೆ ಹ್ಯಾಶ್ ಹೊಂದುವುದಿಲ್ಲ. (ಉಪ್ಪಳದಿಂದ)

ಜಾಗ ಉಳಿಸುವ ಆಯ್ಕೆ ಒತ್ತಿರಬಹುದು, ಅದು ಫೋಟೊವನ್ನು ಕುಗ್ಗಿಸಿರುತ್ತದೆ. ಅಷ್ಟೇ.

ಪ್ರಶ್ನೆ: ಮಳೆಗಾಲದಲ್ಲಿ ಅಪ್‌ಲೋಡ್ ನಡುವೆ ಕರೆಂಟ್ ಹೋಗುತ್ತದೆ, ಪರೀಕ್ಷೆ ಯಾವಾಗ ಮಾಡಲಿ? (ಮುಳ್ಳೇರಿಯದಿಂದ)

ಮಳೆಗಾಲದಲ್ಲೇ ಮಾಡಿ. ಕರೆಂಟ್ ಹೋಗದಿದ್ದರೆ ನೀವೇ ನಡುವೆ ರೂಟರ್‌ನ ವಯರ್ ಎಳೆಯಿರಿ. ಗುಡುಗು ಸಿಡಿಲು ಇರುವಾಗ ಮಾತ್ರ ಯಾವ ವಯರನ್ನೂ ಮುಟ್ಟಬೇಡಿ. ಮೊಬೈಲ್ ಡೇಟಾದಲ್ಲೂ ಬೇಡ, 1 ಜಿಬಿ ಏರಿಸಿ ಇಳಿಸಿದರೆ 2 ಜಿಬಿ ಖರ್ಚು.

ಪ್ರಶ್ನೆ: ಹ್ಯಾಶ್ ಕೊಟ್ಟರೆ ಕೆಟ್ಟ ಫೈಲನ್ನು ಸರಿ ಮಾಡಿಕೊಡುತ್ತೇನೆ ಅಂತ ಒಬ್ಬರು 3,000 ರೂಪಾಯಿ ಕೇಳುತ್ತಿದ್ದಾರೆ. (ಊರು ಬರೆದಿಲ್ಲ)

64 ಅಕ್ಷರದಿಂದ 1 ಜಿಬಿ ಹುಟ್ಟುವುದಿಲ್ಲ. ಕೊಡಬೇಡಿ. ಕೊಟ್ಟಾಗಿದ್ದರೆ ವಾಪಸ್ ಕೇಳಿ.