ಒಂದೇ ಹಕ್ಕಿಗೆ ಎರಡು ಹೆಸರು: ಯಾವುದು ಸರಿ?

ಪ್ರಶ್ನೆ: ಮೇಡಂ, ಫೆಬ್ರುವರಿಯ ಒಂದು ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ಕೆರೆಯ ಪಕ್ಕದ ಮಳೆಮರದಲ್ಲಿ ಈ ಪುಟ್ಟ ಹಕ್ಕಿಯನ್ನು ಕಂಡೆ. ಗುಬ್ಬಚ್ಚಿಗಿಂತ ಚಿಕ್ಕದು, ಒಂದು ಕ್ಷಣವೂ ನಿಂತಲ್ಲಿ ನಿಲ್ಲದು. ಮೂರು ಫೋಟೊ, ಒಂದು ಚಿಕ್ಕ ವಿಡಿಯೊ ಕಳುಹಿಸಿದ್ದೇನೆ. ಮೊಬೈಲ್ ಆ್ಯಪ್ ಮೊದಲ ಫೋಟೊ ನೋಡಿ ಗ್ರೀನ್ ವಾರ್ಬ್ಲರ್ ಎಂದಿತು, ಮೂರನೆಯದಕ್ಕೆ ಗ್ರೀನಿಷ್ ವಾರ್ಬ್ಲರ್ ಎಂದಿತು. ಇದ್ದದ್ದು ಒಂದೇ ಹಕ್ಕಿ. ಯಾವುದನ್ನು ನಂಬಲಿ?
— ಓದುಗರು, ಜಯನಗರ

ಉತ್ತರ: ನೀವು ಕಂಡದ್ದು ಗ್ರೀನಿಷ್ ವಾರ್ಬ್ಲರ್. ಫೋಟೊಗಳಿಂದ ಅರ್ಧ ತೀರ್ಮಾನವಾಯಿತು. ಉಳಿದರ್ಧವನ್ನು ತೀರ್ಮಾನಿಸಿದ್ದು ವಿಡಿಯೊದಲ್ಲಿ ಕೇಳಿಸಿದ ದನಿ.

ಮೂರೂ ಫೋಟೊಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಹಕ್ಕಿ ಎಲೆಗಳ ಮರೆಯಲ್ಲಿದೆ. ಬಿಸಿಲು ಎಲೆಯ ಮೂಲಕ ಸೋಸಿ ಬಂದಿರುವುದರಿಂದ ಬೆನ್ನು ಹಚ್ಚಹಸಿರು, ಎದೆ ಹಳದಿ. ಮೂರನೆಯದರಲ್ಲಿ ಅದೇ ಹಕ್ಕಿ ಬೂರುಗದ ಬರಿಯ ಕೊಂಬೆಗೆ ಬಂದಿದೆ. ಬೆನ್ನು ಬೂದು ಬೆರೆತ ಮಾಸಲು ಹಸಿರು, ಹೊಟ್ಟೆ ಕೊಳೆಬಿಳಿ. ಆ್ಯಪ್ ಎರಡು ಹೆಸರು ಹೇಳಿದ್ದು ಇದಕ್ಕೇ ಇರಬೇಕು. ಎಲೆ ಉಲಿಯಕ್ಕಿಗಳ (ಈ ಹಕ್ಕಿ ಸೇರಿರುವ ಲೀಫ್ ವಾರ್ಬ್ಲರ್ ಗುಂಪಿನ) ವಿಷಯದಲ್ಲಿ ನೆರಳಿನಲ್ಲಿ ತೆಗೆದ ಫೋಟೊದ ಬಣ್ಣವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಬಣ್ಣ ಬಿಟ್ಟರೆ ಉಳಿಯುವುದೇನು? ಕೊಕ್ಕಿನ ಬುಡದಿಂದ ಹೊರಟು ಕಣ್ಣು ದಾಟಿ ಹಿಂದಕ್ಕೆ ಸಾಗುವ ಉದ್ದನೆಯ ತಿಳಿ ಹುಬ್ಬು ಮೂರೂ ಫೋಟೊಗಳಲ್ಲಿದೆ. ಕೆಳಕೊಕ್ಕು ತಿಳಿ ಕಿತ್ತಳೆ. ಕೊಕ್ಕು ಸಣ್ಣದು, ಹಗುರ. ಇಷ್ಟರಿಂದ ದೊಡ್ಡ, ಕಪ್ಪು ಕೊಕ್ಕಿನ ಲಾರ್ಜ್-ಬಿಲ್ಡ್ ಲೀಫ್ ವಾರ್ಬ್ಲರನ್ನು ಕೈಬಿಡಬಹುದು. ಅದಕ್ಕೆ ಕಣ್ಣಿನ ಮೇಲೆ ಹಾಯುವ ಕಪ್ಪು ಗೆರೆಯೂ ಇನ್ನಷ್ಟು ದಪ್ಪ.

ಈಗ ಮೂರನೆಯ ಫೋಟೊವನ್ನು ದೊಡ್ಡದು ಮಾಡಿ ರೆಕ್ಕೆ ನೋಡಿ. ಎಡ ರೆಕ್ಕೆಯ ಮೇಲೆ ತಿಳಿ ಚುಕ್ಕಿಗಳು ಸಾಲಾಗಿ ಕೂಡಿ ಒಂದು ತೆಳುಪಟ್ಟಿಯಾಗಿವೆ. ಬಲ ರೆಕ್ಕೆಯಲ್ಲಿ ಅದು ಬಹುಮಟ್ಟಿಗೆ ಅಳಿಸಿಹೋಗಿದೆ. ಗರಿಯ ತುದಿಗಳು ಸವೆದಾಗ ಹೀಗಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಕ್ಕಿ ನಮ್ಮೂರಿಗೆ ಬರುವಾಗ ಎದ್ದು ಕಾಣುವ ಪಟ್ಟಿ ಫೆಬ್ರುವರಿಯ ಹೊತ್ತಿಗೆ ಹೀಗೆ ಮಾಸಿರುತ್ತದೆ. ಆದ್ದರಿಂದ ಪಟ್ಟಿ ಕಾಣಲಿಲ್ಲವೆಂದು ಯಾವ ಹೆಸರನ್ನೂ ತಳ್ಳಿಹಾಕಬೇಡಿ.

ನಿಜವಾದ ತೊಡಕು ಗ್ರೀನ್ ವಾರ್ಬ್ಲರ್‌ನದು. ಹಳೆಯ ಕೈಪಿಡಿಗಳು ಎರಡನ್ನೂ ಒಂದೇ ಪ್ರಭೇದವೆಂದು ಎಣಿಸಿದ್ದವು. ಗ್ರೀನ್ ವಾರ್ಬ್ಲರ್ ಮರಿ ಮಾಡುವುದು ಕಾಕಸಸ್ ಪರ್ವತಗಳ ಸುತ್ತಿನಲ್ಲಿ, ಚಳಿಗಾಲ ಕಳೆಯುವುದು ಹೆಚ್ಚಾಗಿ ಪಶ್ಚಿಮಘಟ್ಟ ಮತ್ತು ಶ್ರೀಲಂಕಾದಲ್ಲಿ. ಮುಖ, ಗಂಟಲುಗಳಿಗೆ ಹಳದಿ ಲೇಪವಿದ್ದು ರೆಕ್ಕೆಪಟ್ಟಿ ತುಸು ಅಗಲ. ಅಕ್ಟೋಬರ್‌ನ ಹೊಸ ಗರಿಯಲ್ಲಿ ಇದು ಸ್ಪಷ್ಟ. ಗರಿ ಸವೆದು ಬಣ್ಣ ಕಳೆದುಕೊಂಡ ಮೇಲೆ ಎರಡರ ನಡುವಿನ ವ್ಯತ್ಯಾಸ ತೀರಾ ಕಿರಿದಾಗುತ್ತದೆ.

ಇಲ್ಲಿ ನಿಮ್ಮ ವಿಡಿಯೊ ಕೈಹಿಡಿಯಿತು. ಹಾರ್ನ್ ಸದ್ದಿನ ನಡುವೆಯೂ ಹಕ್ಕಿ ಎರಡು ಸಲ ಕೂಗಿದ್ದು ಕೇಳಿಸುತ್ತದೆ: ‘ಚಿಸ್‌ವೀ’, ಎರಡೇ ಉಚ್ಚಾರ. ಗ್ರೀನ್ ವಾರ್ಬ್ಲರ್ ಆಗಿದ್ದರೆ ‘ಚಿ-ರಿ-ವೀ’ ಎಂದು ಮೂರು ಕೇಳಿಸಬೇಕಿತ್ತು. ಏಳೆಂಟು ಗ್ರಾಂ ತೂಗುವ ಈ ಜೀವಕ್ಕೆ ದನಿ ಎಷ್ಟು ದೊಡ್ಡ ಗುರುತೆಂದರೆ, ಇದೇ ಗ್ರೀನಿಷ್ ವಾರ್ಬ್ಲರ್‌ನ ಎರಡು ಬಗೆಗಳು ಟಿಬೆಟ್ ಪ್ರಸ್ಥಭೂಮಿಯ ಎರಡು ಬದಿಗಳಿಂದ ಉತ್ತರಕ್ಕೆ ಹಬ್ಬಿ, ಮಧ್ಯ ಸೈಬೀರಿಯದ ಕಾಡುಗಳಲ್ಲಿ ಎದುರಾದರೂ ಹಾಡು ಬೇರೆಯಾದ್ದರಿಂದ ಪರಸ್ಪರ ಜೋಡಿ ಎಂದು ಗುರುತಿಸುವುದಿಲ್ಲ. ಜೀವವಿಜ್ಞಾನಿ ಡ್ಯಾರೆನ್ ಅರ್ವಿನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈ ಸಂಗತಿ ಹೆಸರುವಾಸಿಯಾಯಿತು.

ಕೂಗು ಕೇಳಲು ಬಹಳ ಕಾಯಬೇಕಿಲ್ಲ. ಚಳಿಗಾಲದಲ್ಲಿ ಪ್ರತಿ ಹಕ್ಕಿಯೂ ಕೆಲವು ಮರಗಳನ್ನು ತನ್ನದೆಂದು ಕಾಯುತ್ತದೆ, ಬೇರೆಯವು ಹತ್ತಿರ ಬಾರದಂತೆ ಕೂಗುತ್ತದೆ. ಬೆಳಿಗ್ಗೆ ಅದೇ ಮಳೆಮರದ ಕೆಳಗೆ ನಿಂತರೆ ಮತ್ತೆ ಸಿಗುವ ಸಂಭವ ಹೆಚ್ಚು. ಕ್ಯಾಮೆರಾ ಕೆಳಗಿಳಿಸಿ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ.

ಒಂದು ಮಾತು ಒತ್ತಿ ಹೇಳಬೇಕು. ದನಿಯೂ ಸಿಗದೆ, ಫೋಟೊವೂ ಮಬ್ಬಾಗಿದ್ದರೆ ಹಕ್ಕಿ ವೀಕ್ಷಕರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದ ಪಟ್ಟಿಯಲ್ಲಿ ‘ಎಲೆ ಉಲಿಯಕ್ಕಿ, ಪ್ರಭೇದ ತಿಳಿಯದು’ ಎಂದೇ ನಮೂದಿಸಿ. ಅದಕ್ಕೆ ಅಲ್ಲಿ ಅವಕಾಶವಿದೆ. ಅಪರೂಪದ ಹೆಸರಿನ ಆಸೆಗೆ ಊಹೆಯನ್ನು ದಾಖಲಿಸಿದರೆ, ಹಕ್ಕಿಗಳು ಎಲ್ಲೆಲ್ಲಿ ಚಳಿಗಾಲ ಕಳೆಯುತ್ತವೆ ಎಂಬ ನಕ್ಷೆಯೇ ಕೆಡುತ್ತದೆ. ಇದು ನನಗೆ ನಿಜಕ್ಕೂ ನೋವು ತರುವ ವಿಷಯ.

ಪ್ರಶ್ನೆ: ನಮ್ಮ ಹಿತ್ತಲಿನ ದಾಸವಾಳದ ಪೊದೆಯಲ್ಲಿ ‘ಚೆಕ್, ಚೆಕ್’ ಎನ್ನುವ ಕಂದು ಹಕ್ಕಿಯೂ ಎಲೆ ಉಲಿಯಕ್ಕಿಯೇ? ಫೋಟೊದಲ್ಲಿ ಬಾಲ ಮಾತ್ರ ಸರಿಯಾಗಿ ಬಂದಿದೆ.
— ಓದುಗರು, ರಾಜಾಜಿನಗರ

ಉತ್ತರ: ಅಲ್ಲ. ತುದಿ ದುಂಡಗಿರುವ ಆ ಬಾಲ, ನೆಲಕ್ಕೆ ಹತ್ತಿರದ ಪೊದೆ, ನಾಲಿಗೆ ಲೊಟಗುಟ್ಟಿದಂಥ ‘ಚೆಕ್’ ಇಷ್ಟೂ ಸೇರಿದರೆ ಬ್ಲೈತ್ಸ್ ರೀಡ್ ವಾರ್ಬ್ಲರ್. ಬೆಂಗಳೂರಿನ ಹಿತ್ತಲುಗಳಿಗೆ ಇದು ಚಳಿಗಾಲದ ಖಾಯಂ ಅತಿಥಿ. ರೆಕ್ಕೆಪಟ್ಟಿ ಇರುವುದಿಲ್ಲ, ಹುಬ್ಬು ಕಣ್ಣಿನ ಮುಂದಷ್ಟೇ ತಿಳಿಯಾಗಿ ಕಾಣುತ್ತದೆ, ಕೊಕ್ಕು ಉದ್ದ. ಏಪ್ರಿಲ್‌ವರೆಗೂ ಇರಬಹುದು, ಅಲ್ಲಿಯವರೆಗೆ ಆ ಪೊದೆಯನ್ನು ಕತ್ತರಿಸಬೇಡಿ.